ಬ್ರೇಕ್ ಖಲಾಸ್

ಇಳಿಜಾರು

ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಭಾವ ಬ್ರೇಕ್ ತುಳಿದರು, ಕಾರು ನಿಲ್ಲಲಿಲ್ಲ.

ಸಮಯ ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಊಟದ ಹೊತ್ತಿಗೆ ಮಸ್ಕತ್ತಿಗೆ ಮರಳಬಹುದೇ ಎಂದು ನಾನು ಆಗ ತಾನೇ ಕೈಗಡಿಯಾರ ನೋಡಿದ್ದೆ. ಕಾರಿನದ್ದೇ ಗಡಿಯಾರ ಯಾವುದೋ ಕಾಲದ ನಾಲ್ಕೂವರೆಗೆ ನಿಂತುಹೋಗಿತ್ತು. ತಲೆಯೆತ್ತಿದಾಗ ಮುಂದೆ ಇಳಿಜಾರು, ಅದರ ಬುಡದಲ್ಲಿ ರಸ್ತೆ ದಾಟುತ್ತಿದ್ದ ಮೇಕೆಗಳು, ಪಕ್ಕದಲ್ಲಿ ಒಣಗಿದ ಹೊಳೆಯ ಪಾತ್ರ.

"ಬ್ರೇಕ್ ಇಲ್ಲ," ಎಂದರು ಭಾವ. ಡಬ್ಬಿ ತೆರೆದು 'ಸಕ್ಕರೆ ಇಲ್ಲ' ಎನ್ನುವಷ್ಟು ಮೆಲ್ಲಗೆ.

ಒಮಾನಿನಲ್ಲಿ ಕಾರು ಓಡಿಸುವವರು ಎಡಕ್ಕೆ ಕೂರುತ್ತಾರೆ. ನಾನು ಕೂತದ್ದು ಬಲಕ್ಕೆ. ಊರಿನಲ್ಲಾದರೆ ಅದು ಡ್ರೈವರನ ಜಾಗ. ಸ್ಟಿಯರಿಂಗ್ ಇಲ್ಲದ, ಪೆಡಲ್ ಇಲ್ಲದ ಆ ಜಾಗದಲ್ಲಿ ಕೂತು ನನ್ನ ಬಲಗಾಲು ನೆಲದ ರಬ್ಬರ್ ಹಾಸನ್ನು ಬಲವಾಗಿ ಒತ್ತುತ್ತಲೇ ಇತ್ತು. ಹಾಗೆ ಒತ್ತಿದ್ದರಿಂದಲೇ ಕಾರು ನಿಂತೀತು ಎಂಬಂತೆ.

ಮುಂದಿನದ್ದು ಅರ್ಧ ನಿಮಿಷವೂ ಇರಲಾರದು. ಆ ಅರ್ಧ ನಿಮಿಷವನ್ನು ನಾನು ಈಗಲೂ ಹಗಲಿನಲ್ಲಿ, ತರಗತಿಯ ನಡುವೆ, ಬಸ್ಸಿಗೆ ಕಾಯುವಾಗ, ಹಿಂದೆ ಮುಂದೆ ತಿರುಗಿಸಿ ನೋಡುತ್ತಿರುತ್ತೇನೆ. ಆದರೆ ಒಂದು ಹಳೆಯ ಕಾರಿನೊಳಗೆ ನಾನು ಹೇಗೆ ಹೋಗಿ ಕೂತೆ ಎಂಬುದನ್ನು ಮೊದಲು ಹೇಳಬೇಕು.

ಅಲ್ ಗುಬ್ರಾ

ನಾನು ಕಾರ್ಕಳದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಅಕ್ಕ ಸುಮಿತ್ರಾ ಮತ್ತು ಜಯಕರ ಭಾವ ಬಹಳ ವರ್ಷಗಳಿಂದ ಮಸ್ಕತ್ತಿನ ಅಲ್ ಗುಬ್ರಾದಲ್ಲಿದ್ದಾರೆ. ಭಾವನದ್ದು ರೂವಿಯಲ್ಲಿ ಆಫೀಸ್ ಕೆಲಸ, ಅಕ್ಕನದ್ದು ಒಂದು ಕ್ಲಿನಿಕ್ಕಿನ ರಿಸೆಪ್ಶನ್. ಮಗಳು ಓದಲು ಮಣಿಪಾಲಕ್ಕೆ ಹೋದ ಮೇಲೆ ಅವಳ ಕೋಣೆ ಖಾಲಿ ಇತ್ತು. ಡಿಸೆಂಬರ್ ರಜೆಗೆ ಅದು ನನ್ನದಾಯಿತು.

ಅಲ್ ಗುಬ್ರಾದಲ್ಲಿ ಯಾರೂ ನಡೆಯುವುದಿಲ್ಲ. ಬಂದ ಮರುದಿನ ಕೊತ್ತಂಬರಿ ಸೊಪ್ಪು ತರಲು ನಡೆದು ಹೊರಟೆ. ಅಂಗಡಿ ಕಣ್ಣಿಗೇ ಕಾಣುತ್ತಿತ್ತು. ಅಷ್ಟರಲ್ಲಿ ಎರಡು ಕಾರುಗಳು ನಿಂತು "ಎನಿ ಪ್ರಾಬ್ಲಂ?" ಎಂದು ಕೇಳಿದವು. ಮೂರನೆಯದ್ದರಲ್ಲಿದ್ದ ಶಿರ್ವದ ಹೆಂಗಸು, "ನೀವು ಸುಮಿತ್ರನ ತಂಗಿ ಅಲ್ಲವಾ? ಗಾಡಿ ಕೆಟ್ಟಿತಾ?" ಎಂದು ಬಾಗಿಲು ತೆರೆದೇಬಿಟ್ಟರು. ಕೆಟ್ಟಿಲ್ಲ, ನಡೆಯುತ್ತಿದ್ದೇನೆ ಎಂದರೆ ನಂಬಲಿಲ್ಲ. ಸೊಪ್ಪು ಕಾರಿನಲ್ಲಿ ಹೋಗಿ, ಕಾರಿನಲ್ಲೇ ಬಂತು.

ಭಾವ ಆ ಸಂಜೆ ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಹಳದಿ ಬಣ್ಣದ ಎರಡು ಬಾಗಿಲ ಅಮೆರಿಕನ್ ಕಾರು. ಉದ್ದ ಮೂತಿ, ನಡುವಿನಿಂದ ಹಾದುಹೋದ ಎರಡು ಕಪ್ಪು ಪಟ್ಟೆ. ನಾನು ಹುಟ್ಟುವ ಮೊದಲು ತಯಾರಾದದ್ದು.

"ಇದು ಅಸಲಿಯಾ ಅಂತ ನೀನು ಹೇಳಬೇಕು ಮಮತಾ."

"ನನಗೆ ಸ್ಕೂಟರಿನ ಸ್ಟ್ಯಾಂಡ್ ಹಾಕ್ಲಿಕ್ಕೆ ಬರುವುದಿಲ್ಲ ಭಾವ."

"ಕಲ್ಲಿನ ಮೇಲೆ ಬರೆದದ್ದು ಓದ್ತಿ ಅಲ್ಲವಾ? ಇದು ಕಬ್ಬಿಣದ ಮೇಲೆ ಬರೆದದ್ದು. ಅಷ್ಟೇ."

ರಜೆ ಸಿಕ್ಕಾಗ ನಾನು ಶಾಸನದ ಕಲ್ಲುಗಳ ಹಿಂದೆ ಅಲೆಯುತ್ತೇನೆ. ಒದ್ದೆ ಕಾಗದ ಒತ್ತಿ, ಮಸಿ ತಟ್ಟಿ ಪಡಿಯಚ್ಚು ತೆಗೆಯುತ್ತೇನೆ. ಮನೆಯವರ ಪಾಲಿಗೆ ಅದು ಒಂದು ತಮಾಷೆ. ಈಗ ಆ ತಮಾಷೆಗೆ ಉಪಯೋಗ ಬಂದಿತ್ತು. ಈ ಜಾತಿಯ ಕಾರುಗಳಲ್ಲಿ ಮೋಸ ಬಹಳವಂತೆ. ಸಣ್ಣ ಎಂಜಿನ್ನಿನ ಸಾಧಾರಣ ಕಾರಿಗೆ ದೊಡ್ಡದರ ಬಾನೆಟ್ಟು, ಪಟ್ಟೆ, ಬಿಲ್ಲೆ ಹಚ್ಚಿ ನಿಲ್ಲಿಸುತ್ತಾರೆ. ನಮ್ಮಲ್ಲಿ ಮದುವೆಗೆ ಒಂದು ಗ್ರಾಂ ಚಿನ್ನದ ಸರ ಹಾಕಿಕೊಂಡು ಹೋದ ಹಾಗೆ, ದೂರದಿಂದ ತಿಳಿಯುವುದಿಲ್ಲ. ತಿಳಿಯಬೇಕಾದರೆ ಮೈಮೇಲೆ ಹೊಡೆದ ಸಂಖ್ಯೆ ಮತ್ತು ಎಂಜಿನ್ ಮೇಲೆ ಹೊಡೆದ ಸಂಖ್ಯೆ ಎರಡನ್ನೂ ಓದಬೇಕು. ಅವು ಹೊಂದಿದರೆ ಸಾಲದು, ಕಾರ್ಖಾನೆಯಲ್ಲೇ ಹೊಡೆದದ್ದು ಎಂದು ಗೊತ್ತಾಗಬೇಕು. ಊರಿನಲ್ಲಿ ಗಾಡಿ ಮಾರುವಾಗ ಆರ್‌ಟಿಓ ಆಫೀಸಿಗೆ ಪೆನ್ಸಿಲ್ ಉಜ್ಜಿ ಚಾಸಿಸ್ ನಂಬರಿನ ಅಚ್ಚು ಕೊಡುತ್ತಾರಲ್ಲ, ಅದೇ ವಿದ್ಯೆ.

"ನೀನು ಅಸಲಿ ಅಂದರೆ ತಗೊಳ್ತೇನೆ," ಎಂದರು ಭಾವ. "ನಕಲಿ ಅಂದರೆ ಈ ಜನ್ಮದಲ್ಲಿ ಇನ್ನೊಮ್ಮೆ ಅದರ ಹೆಸರೆತ್ತುವುದಿಲ್ಲ."

"ಹೆಸರೆತ್ತುವುದಿಲ್ಲವಂತೆ!" ಅಡುಗೆಮನೆಯಿಂದ ಅಕ್ಕ. "ನಿದ್ದೆಯಲ್ಲಿ ಎತ್ತುತ್ತಾರೆ ಮಾರಾಯ್ತಿ. ಮೊನ್ನೆ ನನ್ನನ್ನೇ ಗೇರ್ ಅಂತ ಹಿಡಿದುಕೊಂಡಿದ್ದರು."

ಭಾವ ಸ್ನಾನಕ್ಕೆ ಹೋದ ಮೇಲೆ ಅಕ್ಕ ನನ್ನ ತೋಳು ಜಿಗುಟಿದಳು. "ನಕಲಿ ಅಂತ ಹೇಳಿಬಿಡು. ನಾಳೆ ಕೋರಿ ರೊಟ್ಟಿ ಮಾಡಿ ಹಾಕ್ತೇನೆ."

"ಪರೀಕ್ಷೆಗೆ ಮೊದಲೇ ಲಂಚವಾ?"

"ಲಂಚ ಅಲ್ಲ, ಮುಂಗಡ."

ಗ್ಯಾರೇಜುಗಳ ಬೀದಿ

ಶನಿವಾರ ಬೆಳಿಗ್ಗೆ ಬೇಗ ಭಾವನೂ ನಾನೂ ಆ ಕಾರಿದ್ದ ರುಸ್ತಾಕಿಗೆ ಹೊರಟೆವು. ಮಸ್ಕತ್ತಿನಿಂದ ಒಳನಾಡಿಗೆ ಹೋಗುವ ದಾರಿಯಲ್ಲಿ ಗುಡ್ಡಗಳು ಬರುತ್ತವೆ, ಹುಲ್ಲು ಬರುವುದಿಲ್ಲ. ನಮ್ಮಲ್ಲಿ ಕಲ್ಲು ನೋಡಬೇಕಾದರೆ ಪೊದೆ ಸವರಬೇಕು, ಪಾಚಿ ಕೆರೆಯಬೇಕು. ಇಲ್ಲಿ ಭೂಮಿ ತನ್ನ ಎಲುಬನ್ನೆಲ್ಲ ಹೊರಗೇ ಇಟ್ಟುಕೊಂಡು ಕೂತಿದೆ. ದಾರಿಯಲ್ಲಿ ಒಂದು ಸಣ್ಣ ಚಹಾ ಅಂಗಡಿಯ ಮುಂದೆ ಭಾವ ಕಾರು ನಿಲ್ಲಿಸಿ ಹಾರ್ನ್ ಹೊಡೆದರು. ನಾನು ಗಾಬರಿಯಾದೆ. ಕಾರ್ಕಳದಲ್ಲಿ ಹೋಟೆಲಿನ ಮುಂದೆ ಹಾಗೆ ಹಾರ್ನ್ ಹೊಡೆದರೆ ಭಟ್ಟರು ಸೌಟು ಹಿಡಿದುಕೊಂಡೇ ಹೊರಗೆ ಬಂದಾರು. ಇಲ್ಲಿ ಒಬ್ಬರು ನಗುತ್ತಾ ಬಂದು ಕಿಟಕಿಯಲ್ಲೇ ಏಲಕ್ಕಿ ಚಹಾ ಕೊಟ್ಟುಹೋದರು.

ಕಾರು ಮಾರುವವನ ಹೆಸರು ಖಮೀಸ್. ನಲವತ್ತರ ಆಸುಪಾಸಿನ, ಉದ್ದನೆಯ ಬಿಳಿ ಅಂಗಿಯ, ನಿಧಾನ ಮಾತಿನ ಮನುಷ್ಯ. ಭಾರತದವರ ಜೊತೆ ಕೆಲಸ ಮಾಡಿ ಕಲಿತ ಹಿಂದಿ ಅವನಿಗೆ ಸಾಕಷ್ಟು ಬರುತ್ತಿತ್ತು. ಊರ ಹೊರಗಿನ ಗ್ಯಾರೇಜುಗಳ ಬೀದಿಯಲ್ಲಿ ನಮಗಾಗಿ ಕಾಯುತ್ತಿದ್ದ. ಕಾರು ಅವನ ಅಣ್ಣ ಸಾಲಿಂನದು. ಸಾಲಿಂ ತೀರಿಕೊಂಡು ಎರಡು ವರ್ಷ. ಅಂದಿನಿಂದ ನಿಂತೇ ಇದ್ದ ಕಾರನ್ನು ನಮಗೆ ತೋರಿಸಲೆಂದು ಬ್ರೇಕ್ ನೋಡಲು ಗ್ಯಾರೇಜಿಗೆ ಕೊಟ್ಟಿದ್ದ.

ನಾನು ಟೀಚರ್ ಎಂದು ತಿಳಿದು ಅವನು ನನ್ನನ್ನು "ಉಸ್ತಾದಾ" ಎಂದು ಕರೆದ. ಗ್ಯಾರೇಜಿನ ಮೆಕ್ಯಾನಿಕ್ಕನನ್ನು ಎಲ್ಲರೂ "ಉಸ್ತಾದ್" ಎನ್ನುತ್ತಿದ್ದರು. ಪೇಶಾವರದ ಕಡೆಯವನಂತೆ. ಅವನ ಮುಖ ನಾವು ಯಾರೂ ನೋಡಲಿಲ್ಲ. ಒಂದು ಪಿಕಪ್ಪಿನ ಕೆಳಗಿನಿಂದ ಎರಡು ಕಾಲುಗಳು ಮಾತ್ರ ಹೊರಗೆ ಚಾಚಿದ್ದವು.

"ಉಸ್ತಾದ್, ನನ್ನ ಗಾಡಿ?" ಖಮೀಸ್ ಬಾಗಿ ಕೇಳಿದ.

ಕೆಳಗಿನಿಂದ ಸುತ್ತಿಗೆಯ ಸದ್ದು, ಅದರ ನಡುವೆ ಒಂದು ಮಾತು: "ಬ್ರೇಕ್ ಖಲಾಸ್!"

"ಖಲಾಸ್? ಜೈನ್, ಜೈನ್," ಎಂದ ಖಮೀಸ್. ಒಳ್ಳೆಯದಾಯಿತು ಎಂದು ಅದರ ಅರ್ಥ. ಗೋಡೆಯ ಮೊಳೆಯಿಂದ ಕೀಲಿ ತೆಗೆದುಕೊಂಡ.

ನಾನು ಭಾವನ ತೋಳು ಹಿಡಿದೆ. "ಭಾವ, ಬ್ರೇಕ್ ಖಲಾಸ್ ಅಂದರೆ ಬ್ರೇಕ್ ಹೋಯಿತು ಅಂತಲ್ಲವಾ?"

ಭಾವ ನಕ್ಕುಬಿಟ್ಟರು. "ಅದು ನಿನ್ನ ಕಾರ್ಕಳದ ಖಲಾಸ್. ಅಲ್ಲಿ ಆಸಾಮಿ ಖಲಾಸ್ ಅಂದರೆ ಸತ್ತ ಅಂತ. ಇಲ್ಲಿ ಖಲಾಸ್ ಅಂದರೆ ಕೆಲಸ ಮುಗಿಯಿತು ಅಂತ. ನಾನು ಆಫೀಸಿನಲ್ಲಿ ದಿನಕ್ಕೆ ನೂರು ಸಲ ಹೇಳ್ತೇನೆ. ವೀಸಾ ಖಲಾಸ್, ಬಿಲ್ ಖಲಾಸ್, ಊಟ ಖಲಾಸ್. ಅರಬಿಯವನಿಗೇ ಅರ್ಥ ಆಗಿದೆ, ನಿನಗೆ ಎಂತ ಸಂಶಯ?"

ಅರಬ್ಬಿ ಖಮೀಸನ ಮಾತೃಭಾಷೆ, ನನ್ನದಲ್ಲ. ಭಾವನ ತೋಳು ಬಿಟ್ಟೆ.

ಖಮೀಸನ ಅಂಗಳ

ಖಮೀಸ್ ಹಳದಿ ಕಾರನ್ನು ಮನೆಗೆ ಓಡಿಸಿದ. ನಾವು ಭಾವನ ಕಾರಿನಲ್ಲಿ ಹಿಂದೆ ಹೋದೆವು. ಸಮತಟ್ಟು ದಾರಿ, ಹೆಚ್ಚು ದೂರವಿಲ್ಲ. ಅಂಗಳ ತಲುಪಿ ಇಳಿದವನು, "ಪೆಡಲ್ ಸ್ವಲ್ಪ ಮೆತ್ತಗುಂಟು. ಹಳೇ ಗಾಡಿಗಳು ಹಾಗೇ," ಎಂದ.

ಪರೀಕ್ಷೆ ಮಾಡಬೇಕಾದವಳು ನಾನು. ಆದರೆ ಹೆಬ್ಬಾಗಿಲು ದಾಟಿದ್ದೇ ಖಮೀಸನ ತಾಯಿ ಬಂದು ನನ್ನ ಕೈ ಹಿಡಿದು ಹೆಂಗಸರ ಕೋಣೆಗೆ ಕರೆದೊಯ್ದರು. ಗಂಡಸರು ಕಾರಿನ ಬಳಿ, ಪರೀಕ್ಷಕಿ ಖರ್ಜೂರದ ತಟ್ಟೆಯ ಬಳಿ. ಅಜ್ಜಿ ಬೆರಳುದ್ದದ ಬಟ್ಟಲಿನಲ್ಲಿ ಕಾಫಿ ಕೊಟ್ಟರು. ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿಯ ಪರಿಮಳ. ಕುಡಿದು ಕೊಟ್ಟೆ. ಮತ್ತೆ ತುಂಬಿಸಿದರು. ಸಾಕು ಎಂದು ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಹೇಳಿದೆ. ಮತ್ತೆ ತುಂಬಿಸಿದರು. ಐದನೆಯ ಬಟ್ಟಲಿಗೆ ನನ್ನ ಎದೆ ಡೋಲು ಹೊಡೆಯತೊಡಗಿತು. ಆಗ ಅಜ್ಜಿಯೇ ನಗುತ್ತಾ ಖಾಲಿ ಬಟ್ಟಲನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ ತೋರಿಸಿದರು. ಹಾಗೆ ಅಲ್ಲಾಡಿಸಿದರೆ ಮಾತ್ರ ಸಾಕು ಎಂದು ಅರ್ಥ. ನಮ್ಮಲ್ಲಿ ಊಟದ ಎಲೆ ಮಡಚುವ ಹಾಗೆ.

ಕೊನೆಗೆ ಚೀಲದಿಂದ ಕಾಗದ, ಪೆನ್ಸಿಲ್ ತೆಗೆದು ಸನ್ನೆ ಮಾಡಿದೆ. ಅಜ್ಜಿಗೆ ಕುತೂಹಲ. ನನ್ನನ್ನು ಕೈಹಿಡಿದು ಅಂಗಳಕ್ಕೆ ಕರೆತಂದವರು ಪಕ್ಕದಲ್ಲೇ ನಿಂತರು.

ಮೈಯ ಸಂಖ್ಯೆ ಮುಂದಿನ ಗಾಜಿನ ಕೆಳಗಿನ ತಗಡಿನ ಮೇಲಿತ್ತು. ತಗಡು, ಅದನ್ನು ಹಿಡಿದ ಮೊಳೆಗಳು, ಸುತ್ತಲಿನ ಬಣ್ಣ ಎಲ್ಲವೂ ಒಂದೇ ವಯಸ್ಸಿನವು. ದೊಡ್ಡ ಎಂಜಿನ್ನಿನ ಸಂಕೇತವೂ ಅದರಲ್ಲಿತ್ತು. ಭಾವ ಅಯಸ್ಕಾಂತ ಹಿಡಿದು ಬಾಗಿಲು, ಚಕ್ರದ ಮೇಲಿನ ಕಮಾನು ಎಲ್ಲ ತಡವಿದರು. ಪುಟ್ಟಿ ಮೆತ್ತಿದ ಕಡೆ ಅಯಸ್ಕಾಂತ ಜಾರುತ್ತದೆ. ಎಲ್ಲಿಯೂ ಜಾರಲಿಲ್ಲ. ಭಾವನ ಮುಖ ಅರಳುತ್ತಾ ಬಂತು.

ಎಂಜಿನ್ನಿನ ಮೇಲೆ ಕೈಯಗಲದ ಒಂದು ಚಪ್ಪಟೆ ಜಾಗ. ಒರೆಸಿ, ಕಾಗದ ಇಟ್ಟು, ಪೆನ್ಸಿಲ್ ಉಜ್ಜಿದೆ. ಸಂಖ್ಯೆ ಎದ್ದುಬಂತು. ಮೈಯ ಸಂಖ್ಯೆಗೆ ಸರಿಯಾಗಿ ಹೊಂದಿತು. ಆದರೆ ಅಂಕೆಗಳ ಸಾಲು ನೆಟ್ಟಗಿರಲಿಲ್ಲ. ಒಂದು ಮೇಲೆ, ಒಂದು ಕೆಳಗೆ, ಒಂದು ತುಸು ವಾಲಿ. ಒಂದೊಂದನ್ನೇ ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆದದ್ದು. ಕಾರ್ಖಾನೆಯಲ್ಲಿ ಸಾಣೆ ಹಿಡಿದ ಗೆರೆಗಳು ಆ ಜಾಗದಲ್ಲಿ ಇರಬೇಕಿತ್ತು. ಕಾಗದದಲ್ಲಿ ಒಂದೂ ಮೂಡಲಿಲ್ಲ. ಹಳೆಯ ಕಲ್ಲನ್ನು ಕೆತ್ತಿ ನುಣುಪು ಮಾಡಿ ಹೊಸದಾಗಿ ಬರೆದರೆ ಹೀಗೆಯೇ ಕಾಣುತ್ತದೆ.

"ಭಾವ," ನಾನು ತುಳುವಿನಲ್ಲಿ ಹೇಳಿದೆ, "ಮೈ ಸರಿ ಉಂಟು. ಎಂಜಿನ್ನಿನದ್ದು ಆಮೇಲೆ ಹೊಡೆದದ್ದು ಅಂತ ಕಾಣ್ತದೆ."

"ಕಾಣ್ತದೆ ಅಂದರೆ? ಅಸಲಿಯಾ, ನಕಲಿಯಾ? ಸರಿ ಹೇಳು."

ಉತ್ತರ ಹೇಳುವ ಮೊದಲೇ ಖಮೀಸ್ ಬಾಗಿಲು ತೆರೆದು ಹಿಂದಿನ ಸೀಟಿಗೆ ನುಸುಳಿದ. ಅಷ್ಟು ಉದ್ದದ ಮನುಷ್ಯ ಅಷ್ಟು ಸಣ್ಣ ಸೀಟಿನಲ್ಲಿ ಮಡಚಿ ಕೂತು, "ಯಲ್ಲಾ, ಹೊರಡಿ, ಮೊದಲು ಓಡಿಸಿ. ಆಮೇಲೆ ಮಾತು," ಎಂದ.

ವಾದಿ

ಏರುವಾಗ ಸುಖವೇ ಇತ್ತು, ಸುಳ್ಳು ಹೇಳುವುದಿಲ್ಲ. ಎಂಜಿನ್ನಿನ ಸದ್ದು ಕಿವಿಗಿಂತ ಮೊದಲು ಬೆನ್ನಿಗೆ ತಿಳಿಯುತ್ತಿತ್ತು. ಭಾವ ಇಪ್ಪತ್ತೈದರ ಹುಡುಗನಂತೆ ನಗುತ್ತಿದ್ದರು. ಬೆಟ್ಟದ ಹಳ್ಳಿಯ ತನಕ ಹೋಗಿ ತಿರುಗಿಸಿದೆವು. ಮೊದಲ ಎರಡು ತಿರುವುಗಳಲ್ಲಿ ಬ್ರೇಕ್ ಹಿಡಿಯಿತು. ಮೂರನೆಯದರ ನಂತರದ ನೇರ ಇಳಿಜಾರಿನಲ್ಲಿ ಪೆಡಲು ಒದ್ದೆ ಬಟ್ಟೆಯ ಹಾಗೆ ನೆಲಕ್ಕೆ ಕುಸಿಯಿತು.

ಭಾವ ಗೇರ್ ಇಳಿಸಿದರು. ಕಾರು ಒಮ್ಮೆ ಗಕ್ಕನೆ ಜಗ್ಗಿತು, ಆದರೆ ಸಾಕಾಗಲಿಲ್ಲ. ಮೇಕೆಗಳು ದೊಡ್ಡದಾಗುತ್ತಿದ್ದವು. ಅವುಗಳ ಹಿಂದೆ ಕೋಲು ಹಿಡಿದ ಒಬ್ಬ ಹೆಂಗಸು. ಹಿಂದಿನಿಂದ ಖಮೀಸ್ "ಲೆಫ್ಟ್! ಲೆಫ್ಟ್!" ಎಂದು ಕಿರುಚಿದ. ಭಾವ ಎಡಕ್ಕೆ ತಿರುಗಿಸಿದರು.

ಖಮೀಸ್ ಹೇಳಿದ್ದು ತಿರುಗಿಸಲು ಅಲ್ಲ ಎಂದು ಆಮೇಲೆ ಗೊತ್ತಾಯಿತು. ಆ ಕಾರಿನಲ್ಲಿ ಕೈಬ್ರೇಕ್ ಇಲ್ಲ, ಎಡಮೂಲೆಯಲ್ಲಿ ಕಾಲಿನಿಂದ ಒತ್ತುವ ಸಣ್ಣ ಪೆಡಲಿದೆ. ಅದನ್ನು ಒತ್ತು ಎಂದಿದ್ದ. ಭಾವ ತಪ್ಪು ತಿಳಿದು ರಸ್ತೆ ಬಿಟ್ಟದ್ದರಿಂದ ಮೇಕೆಗಳೂ ಆ ಹೆಂಗಸೂ ಉಳಿದರು. ನಾವು ವಾದಿಗೆ ಇಳಿದೆವು. ಮಳೆ ಬಂದಾಗ ಮಾತ್ರ ಹೊಳೆಯಾಗುವ, ಉಳಿದಂತೆ ಬರೀ ಉರುಟು ಕಲ್ಲಿನ ಪಾತ್ರ ಅದು. ಕಾರಿನ ಹೊಟ್ಟೆಗೆ ಕಲ್ಲುಗಳು ಹೊಡೆಯುವ ಸದ್ದು. ನನ್ನ ಹಲ್ಲು ನಾಲಿಗೆ ಕಚ್ಚಿತು. ಗಾಜಿನ ತುಂಬ ಬಿಳಿ ಧೂಳು. ಆ ಧೂಳಿನಲ್ಲಿ ಒಂದು ಕೆಂಪು ಚಾಪೆ ಕಾಣಿಸಿತು. ಅದರ ಮೇಲೆ ಜನ.

ವಾರದ ರಜೆಯಲ್ಲಿ ಇಲ್ಲಿನ ಕುಟುಂಬಗಳು ವಾದಿಯ ಮರದ ನೆರಳಿಗೆ ಪಾತ್ರೆ ಪಗಡಿ ಸಮೇತ ಬರುತ್ತವೆ. ಅನ್ನದ ದೊಡ್ಡ ಹರಿವಾಣ, ಥರ್ಮಾಸು, ಸಣ್ಣ ಮಕ್ಕಳು. ಎಲ್ಲರೂ ನಮ್ಮನ್ನೇ ನೋಡುತ್ತಾ ಕೂತಿದ್ದರು. ಏಳಲೂ ಅವರಿಗೆ ಹೊತ್ತಿರಲಿಲ್ಲ. ಮುಂದಿನ ಚಕ್ರಗಳು ಸಡಿಲ ಜಲ್ಲಿಯಲ್ಲಿ ಹೂತವು. ಕಾರು ಮುಗ್ಗರಿಸಿ, ಅಡ್ಡವಾಗಿ ವಾಲಿ, ನಿಂತಿತು. ಚಾಪೆಗೂ ನಮಗೂ ನಡುವೆ ಒಂದು ಕಾರು ನಿಲ್ಲುವಷ್ಟು ಜಾಗ ಉಳಿದಿತ್ತು.

ನಾನು ಮತ್ತೆ ಮತ್ತೆ ನೋಡುವುದು ಈ ಜಾಗವನ್ನೇ. ಕೆಲವೊಮ್ಮೆ ಅದು ಕಡಿಮೆಯಾಗುತ್ತದೆ.

"ಅಲ್ ಹಮ್ದುಲಿಲ್ಲಾ," ಎಂದಿತು ಹಿಂದಿನ ಸೀಟು. ಭಾವ ಸ್ಟಿಯರಿಂಗ್ ಬಿಡಲೇ ಇಲ್ಲ. ಬೆರಳುಗಳನ್ನು ನಾನು ಒಂದೊಂದಾಗಿ ಬಿಡಿಸಬೇಕಾಯಿತು. ಅವರ ಹಣೆಯಲ್ಲಿ ಸಣ್ಣ ಗಾಯ ಬಿಟ್ಟರೆ ಬೇರೇನೂ ಆಗಿರಲಿಲ್ಲ.

ಚಾಪೆಯವರು ಓಡಿಬಂದರು. ಬೈಯುತ್ತಾರೆ ಎಂದುಕೊಂಡೆ. ಬೈಯಲು ಅವರಿಗೆ ಹಕ್ಕಿತ್ತು. ಅವರು ನಮ್ಮನ್ನು ಕರೆದೊಯ್ದು ನೆರಳಿನಲ್ಲಿ ಕೂರಿಸಿದರು. ಏನಾಯಿತು ಎಂದು ಯಾರೂ ಕೇಳಲಿಲ್ಲ, ಕಾಫಿ ಕೊಟ್ಟರು. ನನಗೆ ಆಗ ಕಾಫಿ ಬೇಕೇ ಬೇಕಿತ್ತು. ಒಂದು ಗುಟುಕು ಕುಡಿದೆ. ಆದರೆ ಕೈ ನಡುಗುತ್ತಿತ್ತು, ಬಟ್ಟಲು ಬೆರಳ ನಡುವೆ ಗಡಗಡ ಅಲ್ಲಾಡಿತು. ಕಾಫಿ ಕೊಟ್ಟ ಹೆಂಗಸು ಮರ್ಯಾದೆಯಿಂದ ತಲೆಬಾಗಿಸಿ ಬಟ್ಟಲನ್ನು ತೆಗೆದುಕೊಂಡು ಹೋದಳು. ಸಾಕು ಎಂದು ತಿಳಿದಳು. ಇನ್ನೊಂದು ಕೊಟ್ಟಳು, ಅದೂ ಅಲ್ಲಾಡಿತು, ಅದನ್ನೂ ಒಯ್ದಳು. ನಾನು ಅಳಲು ಶುರುಮಾಡಿದ್ದು ಆಗ.

ಖಮೀಸ್ ಉಸ್ತಾದನಿಗೆ ಫೋನ್ ಮಾಡಿದ. ಸ್ಪೀಕರಿನಲ್ಲಿ ಉಸ್ತಾದನ ಧ್ವನಿ ನಮಗೆಲ್ಲ ಕೇಳಿಸಿತು. "ಗಾಡಿ ಕೊಂಡುಹೋದಿರಾ? ಯಾ ಅಲ್ಲಾ! ನಾನು ಹೇಳಿದೆನಲ್ಲ, ಬ್ರೇಕ್ ಖಲಾಸ್! ಒಳಗಿನ ಸೀಲ್ ಪೂರಾ ಖಲಾಸ್! ಹೊಸದು ಬರಬೇಕು ಅಂತ!"

ಖಮೀಸನೂ ಭಾವನೂ ಒಬ್ಬರ ಮುಖ ಒಬ್ಬರು ನೋಡಿದರು. ಪೇಶಾವರದವನ ಖಲಾಸ್ ಕಾರ್ಕಳದ ಖಲಾಸೇ ಆಗಿತ್ತು.

ರೂವಿ

ಆ ವಾರ ನಾವು ಮಲಗಲಿಲ್ಲ. ಮಲಗುತ್ತಿದ್ದೆವು, ನಿದ್ದೆ ಬರುತ್ತಿರಲಿಲ್ಲ. ಕಣ್ಣು ಹತ್ತಿದರೆ ನನ್ನ ಬಲಗಾಲು ಹಾಸಿಗೆಯ ತುದಿಯನ್ನು ಒದ್ದು ನನ್ನನ್ನೇ ಎಬ್ಬಿಸುತ್ತಿತ್ತು. ನೀರು ಕುಡಿಯಲು ಹೋದರೆ ಸೋಫಾದಲ್ಲಿ ಭಾವ ದೀಪ ಹಾಕದೆ ಕೂತಿರುತ್ತಿದ್ದರು. "ನೀನೂವಾ?" ಎನ್ನುತ್ತಿದ್ದರು. ಅಕ್ಕ ಮೊದಲ ದಿನ ಬೈದಳು, ಎರಡನೆಯ ದಿನ ಅತ್ತಳು. ಮೂರನೆಯ ದಿನದಿಂದ ಅವಳಿಗೂ ನಿದ್ದೆ ಹೋಯಿತು.

ಭಾವ ಕಾರಿನ ಕೀಲಿ ಮುಟ್ಟಲಿಲ್ಲ. ಆಫೀಸಿಗೆ ಟ್ಯಾಕ್ಸಿಯಲ್ಲಿ ಹೋದರು. ಒಂದು ದಿನ ನಾನೂ ಜೊತೆಗೆ ರೂವಿಗೆ ಹೋದೆ. ಅಲ್ ಗುಬ್ರಾದಲ್ಲಿ ಕಾಣದ ಕಾಲ್ನಡಿಗೆಯವರೆಲ್ಲ ರೂವಿಯಲ್ಲಿ ಸಿಕ್ಕಿದರು. ಮಲ್ಲಿಗೆ, ಬಾಳೆಎಲೆ, ಕುಚ್ಚಲಕ್ಕಿ, ಊರಿಗೆ ಹಣ ಕಳಿಸುವವರ ಸಾಲು. ಮಂಗಳೂರಿನ ಹಂಪನಕಟ್ಟೆಯನ್ನು ಯಾರೋ ತೊಳೆದು ಒಣಗಿಸಿ ಇಲ್ಲಿ ಹರಡಿದ ಹಾಗಿತ್ತು. ಕಚೇರಿ ಬಿಟ್ಟ ಮೇಲೆ ಭಾವ ಒಂದು ರಸ್ತೆಯ ಅಂಚಿನಲ್ಲಿ ನನ್ನನ್ನು ನಿಲ್ಲಿಸಿದರು.

"ಮೇಲೆ ಮೂರನೇ ಮಹಡಿಯಲ್ಲಿ ನಮ್ಮ ರೂಮು. ಏಳು ಜನ ಇದ್ದೆವು. ಬಂದ ಹೊಸತು. ರಜೆಯ ಹಿಂದಿನ ಸಂಜೆ ಇಲ್ಲಿಯ ಹುಡುಗರು ಇಂಥ ಕಾರು ತಂದು ಈ ಸರ್ಕಲ್ ಸುತ್ತುತ್ತಿದ್ದರು. ಆ ಸದ್ದು ಕೇಳಿದರೆ ಟವೆಲ್ ಸುತ್ತಿಕೊಂಡೇ ಕಿಟಕಿಗೆ ಓಡುತ್ತಿದ್ದೆ. ಈ ಊರಿನಲ್ಲಿ ನನಗೆ ಖುಷಿ ಕೊಟ್ಟ ಮೊದಲ ಸದ್ದು ಅದು."

ಆ ಕಿಟಕಿಯಿಂದ ಕಣ್ಣು ತೆಗೆಯದೆ ಕೇಳಿದರು. "ಅಸಲಿಯಾ ಅದು?"

ಅಷ್ಟೆಲ್ಲ ಆದ ಮೇಲೂ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ನಂಬರನ್ನು ಯಾರು, ಏಕೆ ಹೊಡೆದರು ಎಂದು ನನಗೂ ತಿಳಿಯಬೇಕಿತ್ತು.

ಮತ್ತೆ ರುಸ್ತಾಕ್

ಖಮೀಸ್ ದಿನವೂ ಫೋನ್ ಮಾಡಿ ಹಣೆಯ ಗಾಯ ಕೇಳುತ್ತಿದ್ದ. ವಾರದ ಕೊನೆಗೆ, ತಾಯಿ ಊಟಕ್ಕೆ ಕರೆದಿದ್ದಾರೆ, ಆಡು ಕಡಿದಾಗಿದೆ, ಬರುವುದಿಲ್ಲ ಎನ್ನಬಾರದು ಎಂದ. ಗಾಡಿ ಸರಿಯಾಗಿದೆ, ಈ ಸಲ ಉಸ್ತಾದನ ಮುಖ ನೋಡಿಯೇ ತಂದಿದ್ದೇನೆ ಎಂದ.

ಅಕ್ಕ ಕಾರು ಓಡಿಸಿದಳು. ಭಾವ ಪಕ್ಕದಲ್ಲಿ ಕೂತು, ಮುಂದೆ ಲಾರಿ ಕಂಡಾಗಲೆಲ್ಲ ಎರಡೂ ಕಾಲು ಎತ್ತುತ್ತಿದ್ದರು. "ಕಾಲು ಕೆಳಗಿಡಿ ಮಾರಾಯ್ರೆ, ನನ್ನ ಬ್ರೇಕ್ ಖಲಾಸ್ ಆಗಿಲ್ಲ," ಎಂದಳು ಅಕ್ಕ. ಆ ವಾರದಲ್ಲಿ ಮೊದಲ ಸಲ ನಾವು ನಕ್ಕೆವು.

ಊಟದ ನಂತರ ಎಲ್ಲರೂ ಅಂಗಳದಲ್ಲಿ ಕಾರಿನ ಸುತ್ತ ನಿಂತೆವು. ನಾನು ಪೆನ್ಸಿಲಿನ ಅಚ್ಚನ್ನು ಖಮೀಸನಿಗೆ ತೋರಿಸಿ ಹಿಂದಿಯಲ್ಲಿ ಕೇಳಿದೆ. "ಇದು ಕಾರ್ಖಾನೆಯಲ್ಲಿ ಹೊಡೆದದ್ದಲ್ಲ. ಯಾರು ಹೊಡೆದದ್ದು?"

ಅವನು ಕಾಗದವನ್ನು ಬಹಳ ಹೊತ್ತು ನೋಡಿದ. ತಾಯಿಗೆ ಅರಬ್ಬಿಯಲ್ಲಿ ಏನೋ ಹೇಳಿದ. ಅಜ್ಜಿ ಕಾಗದ ಇಸಿದುಕೊಂಡು ಅಂಕೆಗಳ ಮೇಲೆ ಬೆರಳಾಡಿಸಿದರು.

"ಸಾಲಿಂ," ಎಂದ ಖಮೀಸ್. "ಒಂದು ಬೇಸಿಗೆಯಲ್ಲಿ ನಿಜ್ವಾ ದಾರಿಯಲ್ಲಿ ಎಂಜಿನ್ ಒಡೆಯಿತು. ಅಣ್ಣ ಊಟ ಬಿಟ್ಟ. ದುಬೈಯಿಂದ ಅಂಥದ್ದೇ ಇನ್ನೊಂದು ತಂದು ಇದೇ ಅಂಗಳದಲ್ಲಿ ಕೂರಿಸಿದ. ಆಮೇಲೆ ಸುತ್ತಿಗೆ ತೆಗೆದುಕೊಂಡು ಹಳೆಯ ನಂಬರನ್ನು ಹೊಸದರ ಮೇಲೆ ಹೊಡೆದ. ನಾನು ಟಾರ್ಚ್ ಹಿಡಿದಿದ್ದೆ. ಯಾಕೆ ಅಂತ ಕೇಳಿದೆ. ಇವಳಿಗೆ ಈ ಎಂಜಿನ್ ತನ್ನದೇ ಅಂತ ಗೊತ್ತಾಗಲಿ ಅಂದ." ಅವನು ಬಾನೆಟ್ಟಿನ ಮೇಲೆ ಕೈಯಿಟ್ಟ. "ಅಣ್ಣ ಇದನ್ನು ಮಾರುವ ಮಾತು ಎಂದೂ ಆಡಿದವನಲ್ಲ. ನೀವು ಅಸಲಿಯಾ ಅಂತ ಕೇಳಿದಿರಿ. ಅವನು ಅಸಲಿ ಅನ್ನುತ್ತಿದ್ದ. ನಾನೂ ಅದನ್ನೇ ಹೇಳಿದೆ."

"ಈಗ ಹೇಳು," ಭಾವ ನನ್ನ ಕಡೆ ತಿರುಗಿದರು. "ಅಸಲಿಯಾ, ನಕಲಿಯಾ?"

ಅಕ್ಕ ನನ್ನನ್ನೇ ನೋಡುತ್ತಿದ್ದಳು. ನಾನು ಪಾಠಕ್ಕೆ ಶುರುಮಾಡಿದೆ. ಶಾಸನಗಳಲ್ಲಿ ಎರಡು ಬಗೆ ಉಂಟು ಭಾವ. ಇಲ್ಲದ ದಾನವನ್ನು ಇದೆ ಎಂದು ಸುಳ್ಳು ಬರೆಯಿಸಿದರೆ ಕೂಟಶಾಸನ. ಹಳೆಯ ಕಲ್ಲು ಒಡೆದುಹೋಯಿತು ಎಂದು ಅದೇ ಮಾತನ್ನು ಹೊಸ ಕಲ್ಲಿನ ಮೇಲೆ ಬರೆಯಿಸಿದರೆ...

"ಒಂದು ಪದದಲ್ಲಿ ಹೇಳು ಮಾರಾಯ್ತಿ!"

"ಒಂದು ಪದ ನಂಬಿಯೇ ನಾವು ವಾದಿಗೆ ಬಿದ್ದದ್ದು."

"ಆದರೂ."

"ನಕಲು," ಎಂದೆ.

"ನಕಲಿಯಾ?"

"ನಕಲಿ ಅಲ್ಲ, ನಕಲು. ತಾಲೂಕು ಆಫೀಸಿನಲ್ಲಿ ಕೊಡುತ್ತಾರಲ್ಲ, ನಕಲು ಪ್ರತಿ. ಗುಡಿಸು ತೆಗೆದು ಕೊಂಬು ಹಾಕಿ."

ಭಾವ ಹಣೆಯ ಪಟ್ಟಿ ಸರಿಯುವಷ್ಟು ನಕ್ಕರು. "ಲೆಕ್ಚರರನ್ನು ಕರೆದದ್ದು ನನ್ನ ತಪ್ಪು."

ಮನೆಯ ಹಿಂದೆ ಹುಡುಗರು ಫುಟ್ಬಾಲ್ ಆಡುವ ಮಣ್ಣಿನ ಮೈದಾನವಿತ್ತು. ಇಳಿಜಾರಿಲ್ಲ, ಮೇಕೆಯಿಲ್ಲ. ಭಾವ ಸ್ಟಿಯರಿಂಗಿನ ಹಿಂದೆ ಕೂತರು. ನನ್ನನ್ನು ಕರೆಯಲಿಲ್ಲ, ಆದರೆ ಬಲಬದಿಯ ಬಾಗಿಲು ತೆರೆದೇ ಇತ್ತು. ಕೂತೆ. ಖಮೀಸ್ "ನನ್ನ ಸೀಟು" ಎಂದು ಹಿಂದಕ್ಕೆ ನುಸುಳಿದ. ಭಾವ ನಡೆಯುವ ವೇಗದಲ್ಲಿ ಹೊರಟು ಬ್ರೇಕ್ ಒತ್ತಿದರು. ನಿಂತಿತು. ಮತ್ತೆ ಹೊರಟರು, ಒತ್ತಿದರು, ನಿಂತಿತು. ಮೈದಾನದ ಸುತ್ತ ಹೀಗೆ ಎಷ್ಟು ಸಲವೋ. ಕೊನೆಯ ಸುತ್ತಿನಲ್ಲಿ ನನ್ನ ಕಾಲು ಹಾಸನ್ನು ಒತ್ತಲಿಲ್ಲ. ಇಳಿದು ಬಂದಾಗ ಅಕ್ಕ ಕಿಟಕಿಗೆ ಬಗ್ಗಿ, "ಎಸಿ ಇಲ್ಲವಾ ಇದಕ್ಕೆ?" ಎಂದು ಕೇಳಿದಳು. ಬೇಡ ಎನ್ನುವವರು ಕೇಳುವ ಪ್ರಶ್ನೆ ಅದಲ್ಲ.

ಭಾವ ಖಮೀಸನ ಮುಂದೆ ಕೈ ಚಾಚಿದರು. "ನಕಲಾದರೂ ಸರಿ. ತಗೊಳ್ತೇನೆ."

ಖಮೀಸ್ ಕೈ ಕೊಡಲಿಲ್ಲ. ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದ. "ಜಯಕರ್ ಭಾಯ್, ಮಾಫ್ ಮಾಡಿ. ಆ ಟಾರ್ಚಿನ ಮಾತು ನಾನು ಇಂದಿನವರೆಗೆ ಯಾರಿಗೂ ಹೇಳಿರಲಿಲ್ಲ. ಹೇಳಿದ ಮೇಲೆ ಮಾರಲು ಆಗುವುದಿಲ್ಲ." ಅವನ ಹಿಂದೆ ಅಜ್ಜಿ ನನ್ನ ಕಾಗದವನ್ನು ನಾಲ್ಕಾಗಿ ಮಡಚಿ ತನ್ನ ಬಟ್ಟೆಯೊಳಗೆ ಇಟ್ಟುಕೊಳ್ಳುತ್ತಿದ್ದರು. ನಾನು ವಾಪಸು ಕೇಳಲಿಲ್ಲ.

ಭಾವನ ಕೈ ಗಾಳಿಯಲ್ಲೇ ಇತ್ತು. ಅದನ್ನು ಇಳಿಸಿ ಎರಡೂ ತೋಳಿನಿಂದ ಖಮೀಸನನ್ನು ತಬ್ಬಿಕೊಂಡರು.

"ಇನ್ನೊಮ್ಮೆ ಕೇಳಿ ನೋಡಿ ಮಾರಾಯ್ರೆ," ಎಂದಳು ಅಕ್ಕ, ತುಳುವಿನಲ್ಲಿ, ಮೆಲ್ಲಗೆ. ಅದನ್ನು ಅವಳೇ ಹೇಳಿದಳೆಂದು ಅವಳಿಗೇ ನಂಬಿಕೆಯಾಗಲಿಲ್ಲ.

"ಬೇಡ," ಎಂದರು ಭಾವ. ಅವಳ ಕೈಯಿಂದ ನಮ್ಮ ಕಾರಿನ ಕೀಲಿ ತೆಗೆದುಕೊಂಡರು. ಹೊರಟ ಮೇಲೆ ನಾನು ಕೇಳಿದ್ದು ಅವರ ಒಂದೇ ಮಾತು. "ಬ್ರೇಕ್ ಚೆನ್ನಾಗಿ ಹಿಡಿಯುತ್ತಿತ್ತು." ಹೆದ್ದಾರಿ ಸೇರಿದ್ದು ನನಗೆ ಗೊತ್ತಿಲ್ಲ. ಹಿಂದಿನ ಸೀಟಿನಲ್ಲಿ ಕತ್ತು ವಾಲಿಸಿ ಮಲಗಿದ್ದೆನಂತೆ.

ಭಾನುವಾರ

ಒಮಾನಿನಲ್ಲಿ ಭಾನುವಾರ ಕೆಲಸದ ದಿನ. ನಾನು ಕಣ್ಣು ತೆರೆದಾಗ ಬಿಸಿಲು ಗೋಡೆಯ ನಡುವಿಗೆ ಬಂದಿತ್ತು. ಅಡುಗೆಮನೆಯಲ್ಲಿ ನೀರುದೋಸೆ ತಟ್ಟೆಯ ಕೆಳಗೆ ಆರಿ ಕೂತಿತ್ತು. ಅಕ್ಕ ಕ್ಲಿನಿಕ್ಕಿಗೆ ಹೋಗದೆ, ಕುರ್ಚಿಯಲ್ಲಿ ಕಾಲು ಮಡಚಿ ಕೂತು ಚಹಾ ಕುಡಿಯುತ್ತಿದ್ದಳು.

"ರಜೆ ಹಾಕಿದೆಯಾ?"

ಅವಳು ಬಾಯಿಗೆ ಬೆರಳಿಟ್ಟು ಒಳಗೆ ತೋರಿಸಿದಳು. ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಆಫೀಸಿಗೆ ಒಂದು ದಿನವೂ ತಡವಾಗದ ಭಾವ ಬೋರಲಾಗಿ ಬಿದ್ದು ಗೊರಕೆ ಹೊಡೆಯುತ್ತಿದ್ದರು. ತಲೆಯ ಬಳಿ ಅವರ ಫೋನ್ ಅದುರುತ್ತಿತ್ತು. ಆಫೀಸಿನದು. ಅಕ್ಕ ಎದ್ದು ಹೋದಳು. ಎಬ್ಬಿಸಲು ಹೊರಟಳು ಎಂದುಕೊಂಡೆ. ಅವಳು ಫೋನನ್ನು ತೆಗೆದು ದಿಂಬಿನ ಅಡಿಗೆ ತುರುಕಿ, ಬಾಗಿಲು ಎಳೆದುಕೊಂಡು ಬಂದು ನನ್ನ ಚಹಾ ಬಿಸಿಗಿಟ್ಟಳು.